ಔಷಧ ಹೊಡೆದರೂ ಉಣ್ಣೆ ಹೋಗದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ದನದ ಮೈಗೆ ಔಷಧ ಹೊಡೆದು ವಾರ ಕಳೆದಿರುವುದಿಲ್ಲ, ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ ಮತ್ತೆ ಉಣ್ಣೆ, ಅಂದರೆ ರಕ್ತ ಹೀರುವ ಉಣುಗು. ಆಗ ಹೆಚ್ಚಿನವರು ಔಷಧ ಬದಲಿಸುತ್ತಾರೆ, ಇಲ್ಲವೇ ಪ್ರಮಾಣ ಇಮ್ಮಡಿ ಮಾಡುತ್ತಾರೆ. ಎರಡೂ ಅವಸರದ ಕೆಲಸ. ‘ಔಷಧ ಹಿಡಿಯಲಿಲ್ಲ’ ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳಿರಬಹುದು. ಔಷಧ ಮೈಗೆ ಸರಿಯಾಗಿ ತಲುಪದೇ ಇರಬಹುದು. ತಲುಪಿದರೂ ಉಣ್ಣೆ ಅದನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರಬಹುದು. ಹಳೆಯವು ಸತ್ತು, ನೆಲದಿಂದ ಹೊಸ ಮರಿಗಳು ಹತ್ತುತ್ತಿರಬಹುದು. ಅಥವಾ ಆ ಉಣ್ಣೆಯ ಜಾತಿಯೇ ಬೇರೆಯಾಗಿದ್ದು, ಅದರ ಮನೆ ದನದ ಮೈಯಲ್ಲ, ಕೊಟ್ಟಿಗೆಯ ಗೋಡೆಯ ಬಿರುಕಾಗಿರಬಹುದು. ನಾಲ್ಕಕ್ಕೂ ಪರಿಹಾರ ಬೇರೆ. ಯಾವುದು ಎಂದು ತಿಳಿಯಲು ಮೊದಲು ಬೇಕಾದ ಸಂಗತಿ ಎರಡೇ: ಔಷಧ ಹಾಕಿದ ಎಷ್ಟನೇ ದಿನಕ್ಕೆ ಉಣ್ಣೆ ಕಂಡಿತು, ಆಗ ಅದರ ಗಾತ್ರ ಎಷ್ಟಿತ್ತು.

ಇಪ್ಪತ್ತೊಂದು ದಿನದ ಲೆಕ್ಕ

ಬೆಚ್ಚನೆಯ ಪ್ರದೇಶಗಳ ದನಗಳಲ್ಲಿ ಅತಿ ಹೆಚ್ಚು ಕಾಣುವುದು ರಿಪಿಸೆಫಾಲಸ್ ಮೈಕ್ರೊಪ್ಲಸ್ ಎಂಬ ಉಣ್ಣೆ. ಹಿಂದೆ ಇದನ್ನು ಬೂಫಿಲಸ್ ಎನ್ನುತ್ತಿದ್ದರು. ಈಗಲೂ ಅನೇಕ ಪಶುವೈದ್ಯರ ಬಾಯಲ್ಲಿ ಅದೇ ಹೆಸರು. ಇದು ಒಂದೇ ದನದ ಮೇಲೆ ಪೂರ್ತಿ ಬೆಳೆಯುವ ಜಾತಿ. ಆರು ಕಾಲಿನ ಮರಿಯಾಗಿ ಹತ್ತುತ್ತದೆ, ಸುಮಾರು ಒಂದು ವಾರಕ್ಕೆ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣೆಯಾಗುತ್ತದೆ, ಎರಡನೇ ವಾರದ ಕೊನೆಗೆ ಇನ್ನೊಮ್ಮೆ ಪೊರೆ ಬಿಟ್ಟು ಬಲಿಯುತ್ತದೆ. ಹತ್ತಿದ ಸುಮಾರು 21ನೇ ದಿನಕ್ಕೆ ಹೆಣ್ಣು ರಕ್ತ ತುಂಬಿಕೊಂಡು ನೆಲಕ್ಕೆ ಬೀಳುತ್ತದೆ.

ಹೆಣ್ಣು ಒಂದೇ ಸಮನೆ ಊದುವುದಿಲ್ಲ. ಮೂರನೇ ವಾರದಲ್ಲೂ ಅದು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಕೊನೆಯ ಒಂದು ರಾತ್ರಿಯಲ್ಲಿ ಅದು ಹರಳುಬೀಜದಷ್ಟು ಉಬ್ಬಿ, ಬೆಳಗಿನ ಹೊತ್ತಿಗೆ ಕಳಚಿಕೊಳ್ಳುತ್ತದೆ. (ಹರಳು ಗಿಡದ ವೈಜ್ಞಾನಿಕ ಹೆಸರು ರಿಸಿನಸ್, ಆ ಲ್ಯಾಟಿನ್ ಪದಕ್ಕೆ ಉಣ್ಣೆ ಎಂದೇ ಅರ್ಥ. ಹೋಲಿಕೆ ಅಷ್ಟು ಹಳೆಯದು.) ಹಾಗಾಗಿ ಸಂಜೆ ನೋಡಿದವರಿಗೆ ದನ ಶುಚಿಯಾಗಿ ಕಾಣುತ್ತದೆ, ಬೆಳಗ್ಗೆ ನೋಡಿದವರಿಗೆ ತುಂಬ ಉಣ್ಣೆ ಕಾಣುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಎರಡು ಮಾತು ಹೇಳುವುದಕ್ಕೆ ಇದೇ ಕಾರಣ.

ಎಣಿಸುವ ಬಗೆ

ಎಣಿಸದೆ ಮುಂದಕ್ಕೆ ಹೋಗಬೇಡಿ. ‘ಜಾಸ್ತಿ ಇದೆ’, ‘ಕಡಿಮೆಯಾಗಿದೆ’ ಎಂಬ ಅಂದಾಜು ಇಲ್ಲಿ ಪ್ರಯೋಜನಕ್ಕೆ ಬಾರದು.

ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ, ದನವನ್ನು ಹೊರಗೆ ಬಿಡುವ ಮೊದಲು, ಮೈಯ ಒಂದು ಪಕ್ಕದಲ್ಲಿ ಮಾತ್ರ ಎಣಿಸಿ. ಕಿವಿಯ ಒಳಭಾಗ, ಕುತ್ತಿಗೆ, ಗಂಗೆದೊಗಲು, ಮುಂಗಾಲಿನ ಕಂಕುಳು, ಹೊಟ್ಟೆ, ಕೆಚ್ಚಲು, ತೊಡೆಯ ಸಂದಿ, ಬಾಲದ ಬುಡ, ಗುದದ ಸುತ್ತ, ಇದೇ ಕ್ರಮದಲ್ಲಿ ಕೈಯಾಡಿಸಿಕೊಂಡು ಬನ್ನಿ. 4.5ರಿಂದ 8 ಮಿಲಿಮೀಟರ್ ಉದ್ದದ ಹೆಣ್ಣುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂದಿನ ಒಂದು ದಿನದೊಳಗೆ ಬೀಳುವುದು ಇವೇ. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಆ ದನದಿಂದ ದಿನಕ್ಕೆ ಎಷ್ಟು ಉಣ್ಣೆ ನೆಲಕ್ಕೆ ಇಳಿಯುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಒಂದೊಂದು ಹೆಣ್ಣೂ ಎರಡರಿಂದ ಮೂರು ಸಾವಿರ ಮೊಟ್ಟೆ ಇಡುತ್ತದೆ ಎಂಬುದು ನೆನಪಿರಲಿ.

ಎಲ್ಲ ದನಗಳನ್ನೂ ಎಣಿಸಬೇಕಾಗಿಲ್ಲ. ಹಿಂಡಿನಲ್ಲಿ ಕೆಲವೇ ದನಗಳ ಮೇಲೆ ಹೆಚ್ಚಿನ ಪಾಲು ಉಣ್ಣೆ ಇರುತ್ತದೆ, ಅದೂ ಪ್ರತಿ ಸಲ ಅವೇ ದನಗಳ ಮೇಲೆ. ಅಂಥ ಮೂರ್ನಾಲ್ಕನ್ನು ಗುರುತಿಸಿಟ್ಟುಕೊಳ್ಳಿ. ಔಷಧ ಹಾಕುವ ದಿನ, ಆಮೇಲೆ 3, 8, 14 ಮತ್ತು 22ನೇ ದಿನ ಎಣಿಸಿ ಬರೆದಿಡಿ.

ಬರೆದದ್ದನ್ನು ಓದುವುದು

ಮೂರನೇ ದಿನವೂ ದೊಡ್ಡ ಹೆಣ್ಣುಗಳು ಜೀವಂತವಾಗಿದ್ದು, ಮುಟ್ಟಿದರೆ ಕಾಲಾಡಿಸುತ್ತಿದ್ದರೆ ಔಷಧ ಸೋತಿದೆ. ಸಿಂಪಡಿಸುವ ಔಷಧಗಳು ಒಂದೆರಡು ದಿನದಲ್ಲಿ ಕೆಲಸ ಮುಗಿಸಬೇಕು. ಇದಕ್ಕೆ ಹೊರತಾದದ್ದು ಫ್ಲುಅಜುರಾನ್. ಅದು ಬಲಿತ ಉಣ್ಣೆಯನ್ನು ಕೊಲ್ಲುವುದಿಲ್ಲ, ಎಳೆಯವು ಪೊರೆ ಬಿಡುವುದನ್ನು ತಡೆಯುತ್ತದೆ; ಹಾಗಾಗಿ ಮೊದಲ ವಾರಗಳಲ್ಲಿ ದೊಡ್ಡ ಉಣ್ಣೆ ಕಂಡರೆ ಅದು ದೋಷವಲ್ಲ. ಐವರ್ಮೆಕ್ಟಿನ್ ಚುಚ್ಚುಮದ್ದಿಗೂ ಕೆಲವು ದಿನ ಕಾಯಬೇಕು. ಸತ್ತ ಉಣ್ಣೆ ಕೂಡ ಚರ್ಮಕ್ಕೆ ಕಚ್ಚಿಕೊಂಡೇ ಒಣಗಿರುತ್ತದೆ. ಕಪ್ಪಾಗಿ ಸುಕ್ಕುಗಟ್ಟಿದ್ದನ್ನು ಜೀವಂತ ಎಂದು ಎಣಿಸಬೇಡಿ.

ಮೂರನೇ ದಿನ ಮೈ ಶುಚಿ, ಎಂಟನೇ ದಿನದ ಹೊತ್ತಿಗೆ ಬೆರಳೆಣಿಕೆಯ ದೊಡ್ಡ ಹೆಣ್ಣುಗಳು: ಇದು ಬಹುಮಟ್ಟಿಗೆ ಸಹಜ. ಔಷಧ ಬಿದ್ದ ದಿನ ಪೊರೆ ಕಳಚುವ ಹಂತದಲ್ಲಿದ್ದವು ಹಳೆಯ ಪೊರೆಯ ರಕ್ಷಣೆಯಲ್ಲಿ ಉಳಿದುಕೊಂಡು, ವಾರದ ಬಳಿಕ ಬಲಿತು ಕಾಣಿಸಿಕೊಳ್ಳುತ್ತವೆ. ಅವು ಬರೀ ಕಿವಿಯೊಳಗೆ, ಬಾಲದ ಕೆಳಗೆ ಇದ್ದರೆ ಅಲ್ಲಿಗೆ ಔಷಧ ತಲುಪಿಲ್ಲ ಎಂದೇ ಅರ್ಥ. ಮೈತುಂಬಾ ಹರಡಿದ್ದು, ಸಂಖ್ಯೆ ಮೊದಲಿನ ಅರ್ಧದಷ್ಟಿದ್ದರೆ ಪ್ರಮಾಣದ ದೋಷವೋ ಉಣ್ಣೆಯ ನಿರೋಧಕತೆಯೋ (ಔಷಧವನ್ನು ತಾಳಿಕೊಳ್ಳುವ ಶಕ್ತಿ) ಇದೆ.

ಮೂರರಲ್ಲೂ ಎಂಟರಲ್ಲೂ ಹದಿನಾಲ್ಕರಲ್ಲೂ ಶುಚಿ, 22ರ ಸುಮಾರಿಗೆ ಒಮ್ಮೆಲೇ ದೊಡ್ಡವು: ಔಷಧ ತನ್ನ ಕೆಲಸ ಮಾಡಿದೆ. ಈ ಉಣ್ಣೆಗಳು ಔಷಧ ಹಾಕಿದ ಮೇಲೆ ನೆಲದಿಂದ ಹತ್ತಿದವು. ಔಷಧ ಬದಲಿಸಿದರೆ ಇಲ್ಲಿ ಯಾವ ಲಾಭವೂ ಇಲ್ಲ. ಔಷಧ ಸೋತಿತು ಎಂಬ ದೂರು ಬಂದಾಗ ಈ ಸಾಧ್ಯತೆಯನ್ನೇ ಮೊದಲು ನೋಡಬೇಕು, ಜನ ಕೊನೆಗೂ ನೋಡದೆ ಬಿಡುವುದೂ ಇದನ್ನೇ.

ಔಷಧ ಸೋತಿದೆ ಎಂದು ಖಚಿತವಾದರೆ

ನಿರೋಧಕತೆ ಎನ್ನುವ ಮೊದಲು ಪಂಪು, ನೀರು, ಅಳತೆ, ತೂಕ ನಾಲ್ಕನ್ನೂ ನೋಡಿ.

ಅಳತೆಯಲ್ಲಿ ತಪ್ಪುವುದು ಸುಲಭ. 12.5 ಪ್ರತಿಶತದ ಅಮಿಟ್ರಾಜ್ ದ್ರಾವಣಕ್ಕೆ ಲೀಟರ್ ನೀರಿಗೆ 2 ಮಿಲಿಲೀಟರ್; 1.25 ಪ್ರತಿಶತದ ಡೆಲ್ಟಾಮೆಥ್ರಿನ್‌ಗೂ ಸಾಮಾನ್ಯವಾಗಿ ಲೀಟರಿಗೆ 2 ಮಿಲಿಲೀಟರ್. ಆದರೆ ಅದೇ ಔಷಧ ಬೇರೆ ಸಾಂದ್ರತೆಯಲ್ಲೂ ಸಿಗುತ್ತದೆ, ಹೊಲಕ್ಕೆ ಹೊಡೆಯುವ ಡಬ್ಬಿಗಳ ಸಾಂದ್ರತೆ ಇನ್ನೂ ಬೇರೆ. ಡಬ್ಬಿಯ ಮೇಲಿನ ಪ್ರತಿಶತ ಓದದೆ ಮುಚ್ಚಳದಲ್ಲಿ ಅಳೆಯುವುದನ್ನು ಬಿಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಹೊಲದ ಕೀಟನಾಶಕವನ್ನು ದನದ ಮೈಗೆ ಹಾಕಲೇಬೇಡಿ.

ಇನ್ನು ಎಷ್ಟು ಲೀಟರ್ ಹೊಡೆಯುತ್ತೀರಿ? ದೊಡ್ಡ ಹಸುವಿನ ಮೈ ಪೂರ್ತಿ ತೊಯ್ಯಲು 5ರಿಂದ 10 ಲೀಟರ್ ಬೇಕು. ಒಂದು ಬಕೆಟ್ಟಿನಲ್ಲಿ ಐದು ಹಸು ಮುಗಿಸಿದ್ದರೆ ದೋಷ ಸಿಕ್ಕಿತು ಎಂದುಕೊಳ್ಳಿ. ಕೂದಲ ತುದಿ ಒದ್ದೆಯಾಗಿದೆ, ಚರ್ಮ ಒಣಗಿಯೇ ಇದೆ. ಹೊಡೆದು ಮುಗಿದ ಕೂಡಲೇ ತೊಡೆಯ ಸಂದಿ, ಗಂಗೆದೊಗಲಿನ ಮಡಿಕೆ, ಬಾಲದ ಅಡಿಯಲ್ಲಿ ಕೂದಲು ಬಿಡಿಸಿ ಬೆರಳಿಟ್ಟು ನೋಡಿ. ಚರ್ಮ ಒದ್ದೆಯಾಗಿರಬೇಕು, ಹೊಟ್ಟೆಯಡಿಯಿಂದ ಹನಿ ತೊಟ್ಟಿಕ್ಕುತ್ತಿರಬೇಕು. ನಾಜಲ್ ಒಂದು ಅಡಿ ದೂರದಲ್ಲಿರಲಿ, ಕೂದಲಿನ ದಿಕ್ಕಿಗೆ ಎದುರಾಗಿ ಹೊಡೆಯಿರಿ. ಕಿವಿಯೊಳಗೆ ಪಂಪು ಬೇಡ. ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹುಳಿ ನೀರಿನಲ್ಲಿ ಅಮಿಟ್ರಾಜ್ ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ, ಸಾದಾ ನೀರಿನಲ್ಲೂ ಒಂದು ದಿನಕ್ಕೆ ಸುಮಾರು ಅರ್ಧ ಶಕ್ತಿ ಹೋಗುತ್ತದೆ. ನಿನ್ನೆ ಕಲಸಿಟ್ಟ ದ್ರಾವಣವನ್ನು ಇಂದು ಹೊಡೆಯುವುದೆಂದರೆ ಅರೆ ಪ್ರಮಾಣ ಕೊಟ್ಟಂತೆ. ಸಗಣಿ, ಕೆಸರು ಮೆತ್ತಿದ ಮೈಗೂ ಹೊಡೆಯಬೇಡಿ. ಹಿಂದಿನ ದಿನ ತೊಳೆದು ಒಣಗಿಸಿ. ಹೊಡೆದ ಮೇಲೆ ಕೆಲವು ಗಂಟೆ ಮಳೆ, ಬಿರುಬಿಸಿಲು ಎರಡರಿಂದಲೂ ಕಾಪಾಡಿ. ಮೊದಲು ನೀರು ಕುಡಿಸಿ, ಬಾಯಾರಿದ ದನ ಮೈ ನೆಕ್ಕಿ ಔಷಧ ನುಂಗುತ್ತದೆ.

ಬೆನ್ನಿನ ಮೇಲೆ ಸುರಿಯುವ ಫ್ಲುಮೆಥ್ರಿನ್ ಮತ್ತು ಚುಚ್ಚುಮದ್ದುಗಳಲ್ಲಿ ದೋಷ ತೂಕದಲ್ಲಿರುತ್ತದೆ. 1 ಪ್ರತಿಶತದ ಫ್ಲುಮೆಥ್ರಿನ್ ಹತ್ತು ಕಿಲೋ ತೂಕಕ್ಕೆ 1 ಮಿಲಿಲೀಟರ್. ಕಣ್ಣಂದಾಜಿನಲ್ಲಿ ದನದ ತೂಕ ಬಹಳ ಸಲ ಕಡಿಮೆಯೇ ಆಗುತ್ತದೆ. ಟೇಪು ಹಿಡಿಯಿರಿ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋಗ್ರಾಂ. ಸುತ್ತಳತೆ 66, ಉದ್ದ 58 ಇದ್ದರೆ 66×66×58÷660, ಅಂದರೆ ಸುಮಾರು 383 ಕಿಲೋ. ಅದಕ್ಕೆ 300 ಕಿಲೋದ ಔಷಧ ಹಾಕಿದರೆ ಐದರಲ್ಲಿ ಒಂದು ಪಾಲು ಕಡಿಮೆ ಬಿತ್ತು. ಉಣ್ಣೆಯನ್ನು ಸಾಯಿಸದೆ ಪಳಗಿಸುವ ಪ್ರಮಾಣ ಅದು. ಔಷಧವನ್ನು ಹಿಣಿಲಿನಿಂದ ಬಾಲದ ಬುಡದವರೆಗೆ ಒಂದೇ ಗೆರೆಯಾಗಿ ಸುರಿಯಬೇಕು, ಒಂದೇ ಕಡೆ ಅಲ್ಲ.

ಹಾಲು ಮನುಷ್ಯರ ಬಳಕೆಗೆ ಹೋಗುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು ಸಲ್ಲದು. ಅಮಿಟ್ರಾಜ್ ಕುದುರೆಗೂ ಬೆಕ್ಕಿಗೂ ಅಪಾಯ, ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ತಂದದ್ದನ್ನು ಬೆಕ್ಕಿಗೆ ಹಚ್ಚಬೇಡಿ.

ನಿರೋಧಕತೆಯ ಪರೀಕ್ಷೆ

ಇಷ್ಟೆಲ್ಲ ಸರಿಯಿದ್ದೂ ಮೂರನೇ ದಿನ ಉಣ್ಣೆ ಬದುಕಿದ್ದರೆ, ಆಗ ನಿರೋಧಕತೆಯ ಮಾತು. ಪ್ರಯೋಗಾಲಯದಲ್ಲಿ ಮರಿಗಳನ್ನು ಔಷಧ ಲೇಪಿಸಿದ ಕಾಗದದ ಪೊಟ್ಟಣದಲ್ಲಿಟ್ಟು ಪರೀಕ್ಷಿಸುತ್ತಾರೆ. ಸ್ಥೂಲವಾದ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು.

ಔಷಧ ಹಾಕಿ ಕನಿಷ್ಠ ಒಂದು ತಿಂಗಳಾದ ದನದಿಂದ ಬೆಳಗ್ಗೆ ಪೂರ್ತಿ ಉಬ್ಬಿದ 20 ಹೆಣ್ಣುಗಳನ್ನು ಬಾಯಿ ಮುರಿಯದಂತೆ ಬಿಡಿಸಿ. ಕೈಗೆ ಗವಸಿರಲಿ. ನೀರಿನಲ್ಲಿ ತೊಳೆದು ಒರೆಸಿ, ಒಂದೇ ಗಾತ್ರದ ಹತ್ತು ಹತ್ತರ ಎರಡು ಗುಂಪು ಮಾಡಿ. ಒಂದು ಗುಂಪನ್ನು ದನಕ್ಕೆ ಹೊಡೆಯುವ ಅದೇ ಹದದ, ಆಗಷ್ಟೇ ಕಲಸಿದ ದ್ರಾವಣದಲ್ಲಿ 30 ನಿಮಿಷ ಮುಳುಗಿಸಿ. ಇನ್ನೊಂದನ್ನು ಬರೀ ನೀರಿನಲ್ಲಿ. ತೆಗೆದು ಕಾಗದದ ಮೇಲೆ ಒಣಗಿಸಿ, ಬೇರೆ ಬೇರೆ ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿದು ನೆರಳಿನ ಬೆಚ್ಚನೆಯ ಜಾಗದಲ್ಲಿಡಿ. ಪಕ್ಕದಲ್ಲಿ ಒದ್ದೆ ಹತ್ತಿ ಇರಲಿ, ತೇವ ಆರಿದರೆ ಮೊಟ್ಟೆ ಒಣಗಿ ಹೋಗುತ್ತದೆ. ಏಳನೇ ದಿನ ತೆಗೆದು ನೋಡಿ.

ನೀರಿನ ಗುಂಪು ಕಂದು ಬಣ್ಣದ, ಹೊಳೆಯುವ, ಒಂದಕ್ಕೊಂದು ಅಂಟಿದ ಮೊಟ್ಟೆರಾಶಿ ಇಟ್ಟಿರಬೇಕು. ಅದೂ ಇಡದಿದ್ದರೆ ಪರೀಕ್ಷೆಯೇ ಕೆಟ್ಟಿದೆ, ಮತ್ತೆ ಮಾಡಿ. ಔಷಧದ ಗುಂಪಿನಲ್ಲಿ ಹತ್ತರಲ್ಲಿ ಎರಡು ಮೂರಕ್ಕಿಂತ ಹೆಚ್ಚು ಉಣ್ಣೆ ಸರಿಯಾದ ಮೊಟ್ಟೆರಾಶಿ ಇಟ್ಟಿದ್ದರೆ ನಿರೋಧಕತೆಯ ಶಂಕೆ ಬಲವಾಗಿದೆ. ಸತ್ತವೆಷ್ಟು ಎಂದು ನೋಡಬೇಡಿ, ಮೊಟ್ಟೆ ನೋಡಿ. ಅಮಿಟ್ರಾಜ್ ಬಿದ್ದ ಉಣ್ಣೆ ಬಹಳ ಹೊತ್ತು ಕಾಲಾಡಿಸುತ್ತಲೇ ಇರುತ್ತದೆ. ಚುಚ್ಚುಮದ್ದಿಗೂ ಫ್ಲುಅಜುರಾನ್‌ಗೂ ಈ ಪರೀಕ್ಷೆ ಹೊಂದದು. ಮುಗಿದ ಮೇಲೆ ಎಲ್ಲವನ್ನೂ ಸುಡಿ.

ಔಷಧ ಬದಲಿಸುವಾಗ ಹೆಸರಲ್ಲ, ಗುಂಪು ಬದಲಾಗಬೇಕು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಮೂರೂ ಒಂದೇ ಗುಂಪಿನವು. ಒಂದಕ್ಕೆ ಬಗ್ಗದ ಉಣ್ಣೆ ಇನ್ನೊಂದಕ್ಕೂ ಬಗ್ಗುವುದು ಕಷ್ಟ.

ದೋಷ ನೆಲದಲ್ಲಿದ್ದರೆ

ದನದ ಮೈಮೇಲೆ ಕಾಣುವುದು ಉಣ್ಣೆಯ ಒಟ್ಟು ಸಂಖ್ಯೆಯ ಸಣ್ಣ ಪಾಲು. ಉಳಿದದ್ದು ಮೊಟ್ಟೆಯಾಗಿ, ಮರಿಯಾಗಿ ನೆಲದಲ್ಲಿದೆ. ಅದರ ಏರಿಳಿತಕ್ಕೆ ತೇವ ಮತ್ತು ಸೆಕೆ ಕಾರಣ. ಒಣ ಹವೆಯಲ್ಲಿ ಮೊಟ್ಟೆ ಸುಕ್ಕಿ ಹೋಗುತ್ತದೆ, ಮರಿ ಹುಲ್ಲಿನ ತುದಿಯಲ್ಲಿ ಕಾಯುತ್ತಾ ನೀರಾರಿ ಸಾಯುತ್ತದೆ. ತೇವವೂ ಬಿಸಿಯೂ ಕೂಡಿದಾಗ ಮೂರ್ನಾಲ್ಕು ವಾರದಲ್ಲಿ ಮೊಟ್ಟೆಯೊಡೆಯುತ್ತದೆ. ಚಳಿಯಲ್ಲಿ ಅದೇ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಆದರೆ ಹುಟ್ಟಿದ ಮರಿ ಹೆಚ್ಚು ಕಾಲ ಬದುಕುತ್ತದೆ. ಆದ್ದರಿಂದ ಮಳೆ ಶುರುವಾದ ವಾರದಲ್ಲೇ ಉಣ್ಣೆ ಉಕ್ಕುವುದಿಲ್ಲ. ಮೊದಲ ತಲೆಮಾರು ಸದ್ದಿಲ್ಲದೆ ಬಂದು ಹೋಗುತ್ತದೆ, ಎರಡನೆಯದು ಕಣ್ಣಿಗೆ ಬೀಳುತ್ತದೆ, ಮೂರನೆಯದಕ್ಕೆ ಜನ ಔಷಧ ಹುಡುಕುತ್ತಾರೆ. ಹೊಡೆಯಬೇಕಾದದ್ದು ಮೊದಲನೆಯದಕ್ಕೆ. ಮೈಮೇಲೆ ಬೆರಳೆಣಿಕೆಯ ಉಣ್ಣೆ ಇರುವಾಗಲೇ ಶುರುಮಾಡಿ, 21 ದಿನಕ್ಕೊಮ್ಮೆ ಮೂರು ಸಲ, ಹಿಂಡಿನ ಒಂದನ್ನೂ ಬಿಡದೆ. 21 ದಿನ ಏಕೆಂದರೆ ಔಷಧದ ಪ್ರಭಾವ ಆರಿದ ಮೇಲೆ ಹತ್ತಿದ ಮರಿ ಮೊಟ್ಟೆಯಿಡಲು ಕೆಳಗಿಳಿಯುವ ಮೊದಲೇ ಮುಂದಿನ ಸರದಿ ಬರಬೇಕು. ತಿಂಗಳಿಗೊಮ್ಮೆ ಹೊಡೆದರೆ ಪ್ರತಿ ಸಲವೂ ಒಂದು ವಾರದ ಬಾಗಿಲು ತೆರೆದಿಟ್ಟಂತೆ.

ಹೆಣ್ಣು ಬೆಳಗಿನ ಹೊತ್ತು ಉದುರುತ್ತದೆ ಎಂದೆವಷ್ಟೆ. ಹಾಗಾದರೆ ಬೆಳಗ್ಗೆ ದನ ಎಲ್ಲಿರುತ್ತದೋ ಅಲ್ಲೇ ಮೊಟ್ಟೆ. ಕೊಟ್ಟಿಗೆಯಲ್ಲಿದ್ದರೆ ಗೋದಲಿಯ ಬುಡ, ಗೋಡೆ ನೆಲ ಕೂಡುವ ಮೂಲೆ, ಹಾಸುಗಲ್ಲಿನ ಸಂದು. ಅಲ್ಲಿನ ಕಸವನ್ನು ದಿನವೂ ಗುಡಿಸಿ ಗೊಬ್ಬರದ ಗುಂಡಿಯ ಒಳಗಡೆಗೆ ಹಾಕಿದರೆ ಕೊಳೆಯುವ ಬಿಸಿಗೆ ಮೊಟ್ಟೆ ಸಾಯುತ್ತದೆ. ಗುಂಡಿಯ ಅಂಚಿಗೆ ಚೆಲ್ಲಿದರೆ ಉಳಿಯುತ್ತದೆ.

‘ಹೊರಗೆ ಮೇಯಲು ಬಿಡುವುದೇ ಇಲ್ಲ, ಆದರೂ ಉಣ್ಣೆ’ ಎಂಬ ಒಗಟಿಗೆ ಉತ್ತರ ಬಹಳ ಸಲ ಹುಲ್ಲಿನ ಹೊರೆಯಲ್ಲಿರುತ್ತದೆ. ಬೇರೆ ದನ ಓಡಾಡುವ ಬದುವಿನಿಂದ ಕೊಯ್ದ ಹುಲ್ಲಿನ ತುದಿಯಲ್ಲಿ ಮರಿಗಳು ಗೊಂಚಲು ಗೊಂಚಲಾಗಿ ಕೂತಿರುತ್ತವೆ. ಬಿಳಿ ಬಟ್ಟೆಯೊಂದನ್ನು ಹುಲ್ಲಿನ ಮೇಲೆ ನಿಧಾನವಾಗಿ ಎಳೆದು ತಿರುವಿ ನೋಡಿ. ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಹರಿದಾಡಿದರೆ ಮೂಲ ಸಿಕ್ಕಿತು. ಹೊಸದಾಗಿ ತಂದ ದನವನ್ನು ಔಷಧ ಹಾಕಿ ಬೇರೆ ಕಟ್ಟದಿದ್ದರೂ ಇದೇ ಗತಿ. ಅದರ ಜೊತೆ ಬೇರೆಯವರ ನಿರೋಧಕ ಉಣ್ಣೆಯೂ ಮನೆಗೆ ಬರುತ್ತದೆ.

ಉಣ್ಣೆಯ ಜಾತಿ ಬೇರೆಯಾದರೆ

ಕಾಲುಗಳಿಗೆ ತಿಳಿ ಬಣ್ಣದ ಪಟ್ಟೆ, ಉದ್ದ ಬಾಯಿ, ಚುರುಕಾದ ಓಟ ಇದ್ದರೆ ಅದು ಹಯಲೋಮಾ. ಇದು ಪ್ರತಿ ಹಂತಕ್ಕೂ ಕೆಳಗಿಳಿದು ಬಿರುಕುಗಳಲ್ಲಿ ಅಡಗಿ ಪೊರೆ ಬಿಡಬಲ್ಲದು, ಒಣ ಬೇಸಿಗೆಯನ್ನೂ ತಾಳುತ್ತದೆ. ಇಲ್ಲಿ ಮೇಲೆ ಹೇಳಿದ 21 ದಿನದ ಲೆಕ್ಕ ಕೆಲಸಕ್ಕೆ ಬಾರದು. ದನವನ್ನು ಹೊರಗೆ ಕಟ್ಟಿ, ಮೇವು ನೀರು ತೆಗೆದು, ಗೋಡೆಯ ಬಿರುಕಿನೊಳಕ್ಕೆ ಔಷಧ ಹೊಡೆದು, ಒಣಗಿದ ಮೇಲೆ ಬಿರುಕು ಮುಚ್ಚಿ ಗಿಲಾವು ಮಾಡಿ. ಮೊಟ್ಟೆಗೆ ಔಷಧ ನಾಟದು, ಹಾಗಾಗಿ ಎರಡು ಮೂರು ವಾರಕ್ಕೆ ಇನ್ನೊಮ್ಮೆ. ನಾಯಿಯ ಕಂದು ಉಣ್ಣೆಯದೂ ಇದೇ ಕಥೆ. ಅದು ಗೋಡೆ ಹತ್ತುತ್ತದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ನಾಯಿಗೆ ಮಾತ್ರ ಔಷಧ ಹಾಕಿ ಮನೆಯನ್ನು ಹಾಗೇ ಬಿಟ್ಟರೆ ಉಣ್ಣೆ ಹೋಗುವುದಿಲ್ಲ.

ಉಣ್ಣೆ ಕಡಿಮೆ, ಆದರೆ ದನಕ್ಕೆ ಜ್ವರ

ಜ್ವರ ಬಂದ ದಿನ ಮೈಮೇಲೆ ಉಣ್ಣೆ ಇಲ್ಲ ಎಂದು ಉಣ್ಣೆ ಜ್ವರವನ್ನು ತಳ್ಳಿಹಾಕಬೇಡಿ. ಸೋಂಕು ತಂದ ಉಣ್ಣೆ ಎರಡು ಮೂರು ವಾರ ಹಿಂದೆಯೇ ಕಚ್ಚಿ ಉದುರಿರಬಹುದು. ಉಣ್ಣೆಯಿಂದ ರೋಗ ಹರಡುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು ದನದ ಈ ಜ್ವರದಲ್ಲೇ. ಅಮೆರಿಕದ ಸಂಶೋಧಕರಾದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಟೆಕ್ಸಾಸ್ ಜ್ವರದ (ಬಬೇಸಿಯಾ ರೋಗಾಣುವಿನಿಂದ ಬರುವ ಜ್ವರ) ಮೇಲಿನ ತಮ್ಮ ಕೆಲಸ ಪ್ರಕಟಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಗೊತ್ತಾಗಿದ್ದು ಅದರ ನಂತರ.

ಭುಜದ ಮುಂದಿನ ದುಗ್ಧಗ್ರಂಥಿಯನ್ನು ಎರಡೂ ಪಕ್ಕ ಮುಟ್ಟಿ ನೋಡಿ. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದು ಗ್ರಂಥಿ ಗಡ್ಡೆಯಂತೆ ಊದಿದ್ದರೆ ಥೈಲೇರಿಯಾ ಮೊದಲ ಶಂಕೆ. ಹಯಲೋಮಾ ತರುವ ರೋಗ ಇದು. ಇದರ ಔಷಧವಾದ ಬ್ಯುಪಾರ್ವಾಕ್ವೋನ್ ಆರಂಭದಲ್ಲೇ ಬಿದ್ದರೆ ಹಿಡಿಯುತ್ತದೆ, ರಕ್ತ ಬತ್ತಿದ ಮೇಲೆ ಕಷ್ಟ. ಹಾಗಾಗಿ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಮೂತ್ರ ಕೆಂಪಾದರೆ ಗಾಜಿನ ಲೋಟದಲ್ಲಿ ಹಿಡಿದು ಅಲುಗಿಸದೆ ಒಂದೆರಡು ಗಂಟೆ ಇಡಿ. ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ಅದು ರಕ್ತ, ಮೂತ್ರಕೋಶದ ತೊಂದರೆ. ಕಾಫಿ ಬಣ್ಣ ಹಾಗೇ ನಿಂತರೆ ರಕ್ತಕಣ ಒಡೆದಿವೆ. ಅದರ ಜೊತೆ ಜ್ವರವಿದ್ದರೆ ಬಬೇಸಿಯಾ. ಜ್ವರವೇ ಇಲ್ಲದೆ, ಕರು ಹಾಕಿ ತಿಂಗಳೊಳಗಿನ ಹೆಚ್ಚು ಹಾಲಿನ ಹಸುವಾದರೆ ರಂಜಕದ ಕೊರತೆ ಇರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ. ಮೂತ್ರ ಕೆಂಪಾಗದೆ ಕಣ್ಣಿನ ಒಳಪೊರೆ ಬಿಳಚಿ ಹಳದಿಗೆ ತಿರುಗಿ, ಸಗಣಿ ಗಟ್ಟಿಯಾದರೆ ಅನಾಪ್ಲಾಸ್ಮಾ ಎಂಬ ಇನ್ನೊಂದು ರಕ್ತದ ಸೋಂಕು. ಇದು ಉಣ್ಣೆಯಿಂದ ಮಾತ್ರವಲ್ಲ, ಒಂದೇ ಸೂಜಿಯನ್ನು ಹಲವು ದನಗಳಿಗೆ ಚುಚ್ಚುವುದರಿಂದಲೂ ಹರಡುತ್ತದೆ. ಉಣ್ಣೆ ನಿಂತರೂ ಈ ಜ್ವರ ನಿಲ್ಲದಿದ್ದರೆ ಸೂಜಿಯನ್ನೂ ಕೊಂಬು ಕತ್ತರಿಸುವ ಸಲಕರಣೆಯನ್ನೂ ಪರೀಕ್ಷಿಸಿ. ಯಾವುದೇ ಚುಚ್ಚುಮದ್ದಿಗೆ ಮೊದಲು ಕಿವಿಯ ತುದಿಯ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಎಳೆಸಿಡಿ. ಔಷಧ ಬಿದ್ದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಕಾಣದೆ ಹೋಗಬಹುದು.

ಬಬೇಸಿಯಾ ಇರುವ ಕಡೆ ಕರುಗಳ ಮೈಮೇಲೆ ಒಂದೂ ಉಣ್ಣೆ ಇರಬಾರದು ಎಂದು ಹಟ ಹಿಡಿಯುವುದೂ ದೋಷವೇ. ಎಳೆಯ ಕರುವಿಗೆ ಸಹಜ ತಡೆಶಕ್ತಿ ಇರುತ್ತದೆ. ಆ ವಯಸ್ಸಿನಲ್ಲಿ ತುಸು ಸೋಂಕು ತಗುಲಿದರೆ ಮುಂದೆ ರಕ್ಷಣೆಯಾಗುತ್ತದೆ. ಉಣ್ಣೆಯನ್ನೇ ಕಾಣದೆ ಬೆಳೆದ ಕಡಸು ಮೊದಲ ಸಲ ಮೇಯಲು ಹೋದಾಗ ಬೀಳುವ ಜ್ವರ ಕಠಿಣವಾಗಿರುತ್ತದೆ.

ಮನುಷ್ಯರಿಗೆ ಕಚ್ಚಿದಾಗ

ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ, ತಿರುಚದೆ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ, ಸುಣ್ಣ ಬೇಡ. ಕೆರಳಿದ ಉಣ್ಣೆ ಜೊಲ್ಲನ್ನು ಗಾಯಕ್ಕೆ ಉಗುಳುವ ಅಪಾಯವಿದೆ. ಬರಿಗೈಯಲ್ಲಿ ಹೊಸಕಬೇಡಿ, ಒಡೆದ ಉಣ್ಣೆಯ ರಕ್ತದಿಂದಲೂ ಸೋಂಕು ತಗುಲಬಹುದು. ಗಾಯವನ್ನು ಸೋಪು ನೀರಿನಿಂದ ತೊಳೆದು ಕಚ್ಚಿದ ತಾರೀಖು ಬರೆದಿಡಿ.

ಮನುಷ್ಯರ ವಿಷಯದಲ್ಲೂ ಋತುವನ್ನು ತಪ್ಪಾಗಿ ಓದುವುದು ಸುಲಭ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವ ಉಣುಗಿನಲ್ಲಿ, ದನದ ಮೈಮೇಲೆ ಮಳೆಗಾಲದಲ್ಲಿ ಎದ್ದು ಕಾಣುವುದು ಬಲಿತ ಹಂತ. ಮನುಷ್ಯರಿಗೆ ಹೆಚ್ಚಾಗಿ ಕಚ್ಚಿ ಸೋಂಕು ತರುವುದು ಮಳೆ ನಿಂತ ಮೇಲಿನ ಎಳೆ ಹಂತ, ಕಣ್ಣಿಗೆ ಬೀಳದಷ್ಟು ಸಣ್ಣದು. ದನದ ಮೇಲೆ ಉಣುಗು ಇಳಿಯಿತೆಂದು ಕಾಡಿಗೆ ಹೋಗುವವರು ಉಣುಗು ತಡೆಯುವ ಎಣ್ಣೆಯನ್ನು ಮೈಗೆ ಹಚ್ಚುವುದನ್ನು ನಿಲ್ಲಿಸುವ ತಿಂಗಳುಗಳಲ್ಲೇ ಈ ಎಳೆ ಉಣುಗು ತರಗೆಲೆಗಳಲ್ಲಿ ಹೆಚ್ಚಾಗಿರುತ್ತದೆ. ಡಿಸೆಂಬರಿನಿಂದ ಮೇ ತನಕ ಅಂಥ ಕಾಡಿಗೆ ಹೋಗಿ ಬಂದವರಿಗೆ ಒಂದು ವಾರದ ಆಸುಪಾಸಿನಲ್ಲಿ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ, ಕಚ್ಚಿದ ಗುರುತು ಇಲ್ಲದಿದ್ದರೂ ವೈದ್ಯರಿಗೆ ಕಾಡಿನ ವಿಷಯ ಮೊದಲು ಹೇಳಬೇಕು.